ಬಲಗಡೆಯ ಕಿಟಕಿ

ನಾನು ಹೊಟ್ಟೆಕಿಚ್ಚಿನವಳು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಒಬ್ಬಳೇ ಮಗಳು, ಪಾಲು ಕೇಳಲು ಅಣ್ಣ ತಮ್ಮ ಯಾರೂ ಇಲ್ಲ, ಇವಳಿಗೆ ಈ ಕಿಚ್ಚು ಎಲ್ಲಿಂದ ಬಂತು ಎಂದು ಮಮ್ಮಿ ಆಗಾಗ ಆಶ್ಚರ್ಯಪಡುತ್ತಿದ್ದಳು. ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಊಟದ ಮೇಜಿನಿಂದ ಬಂತು. ಸೌದಿಯ ದಮ್ಮಾಮಿನ ಆ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ನನಗೆ ಒಂಬತ್ತು ತುಂಬಿದ ವರ್ಷ ಅದರ ಮೇಲೆ ಒಂದು ಮನೆ ಬಂದು ಕೂತಿತು. ನಾವು ಮೂವರೂ ಊಟಕ್ಕೆ ನೆಲಕ್ಕಿಳಿದೆವು.

ಮನೆ ಎಂದರೆ ಮನೆಯ ನಕ್ಷೆ. ಪಪ್ಪ ಕಟ್ಟಡ ಕಟ್ಟಿಸುವ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಕಂಪನಿಯ ಮಾಲೀಕನೇ ನಮ್ಮ ಕಫೀಲ್. ಅಲ್ಲಿ ಇರಲು ಬೇಕಾದ ಇಕಾಮಾ ಪತ್ರ, ಪಾಸ್‌ಪೋರ್ಟು, ಊರಿಗೆ ಹೋಗುವ ರಜೆ ಎಲ್ಲವೂ ಅವನ ಕೈಯಲ್ಲಿದ್ದವು. ಅಮೃತಶಿಲೆ ಕೊಳ್ಳಲು ಇಟಲಿಗೆ ಹೋಗಿದ್ದಾಗ ಅವನು ನಾನೂರು ವರ್ಷ ಹಳೆಯ ಒಂದು ಹಳ್ಳಿ ಬಂಗಲೆಯಲ್ಲಿ ಎರಡು ದಿನ ಉಳಿದುಕೊಂಡಿದ್ದನಂತೆ. ಅದು ಅವನ ತಲೆಗೆ ಹತ್ತಿತು. ಬರುವಾಗ ಆ ಬಂಗಲೆಯ ಚಿತ್ರಗಳಿದ್ದ ದಪ್ಪ ಪುಸ್ತಕವೊಂದನ್ನು ತಂದು ಪಪ್ಪನ ಮುಂದಿಟ್ಟು, ನನಗೆ ಇಂಥದೇ ಬೇಕು ಎಂದನಂತೆ. ಬೇರೆ ನಕ್ಷೆಗಳೆಲ್ಲ ಆಫೀಸಿನಲ್ಲೇ ಆಗುತ್ತಿದ್ದವು. ಇದು ಮಾತ್ರ ಮನೆಗೆ ಬಂತು. ಕಾರಣ, ಇದರಲ್ಲಿ ಅವನ ಹೆಂಡತಿ ಎಲ್ಲಿ ಮಲಗುತ್ತಾಳೆ, ಮಗಳು ಎಲ್ಲಿ ಓದುತ್ತಾಳೆ ಎಲ್ಲ ಇತ್ತು. ಅದನ್ನು ಆಫೀಸಿನ ಗಂಡಸರೆಲ್ಲ ಚಹಾ ಕುಡಿಯುತ್ತ ನೋಡಬಾರದು. ಹೀಗಾಗಿ ದೊಡ್ಡ ಮನುಷ್ಯನ ಮಾನ ಕಾಯುವ ಕೆಲಸ ನಮ್ಮ ಊಟದ ಮೇಜಿನ ಪಾಲಿಗೆ ಬಂತು.

ಮೇಜಿಗೆ ಕಾನೂನುಗಳಿದ್ದವು. ಒದ್ದೆ ಕೈಯಲ್ಲಿ ಹತ್ತಿರ ಹೋಗುವಂತಿಲ್ಲ. ಬಂಗುಡೆ ಹುರಿಯುವಾಗ ಆ ಕೋಣೆಯ ಬಾಗಿಲು ಮುಚ್ಚಬೇಕು, ಹೊಗೆ ಟ್ರೇಸಿಂಗ್ ಪೇಪರಿಗೆ ತಾಗಬಾರದು. ಅಲ್ಲಿದ್ದ ಅರ್ಧ ಬ್ಲೇಡನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತದೆ. ಶಾಯಿ ತಪ್ಪಿದಾಗ ಪಪ್ಪ ಆ ಬ್ಲೇಡಿನಿಂದ ಗೆರೆಯನ್ನು ಮೆಲ್ಲಗೆ ಕೆರೆದು ತೆಗೆಯುತ್ತಿದ್ದರು. ಆಮೇಲೆ ಉಗುರಿನ ಬೆನ್ನಿನಿಂದ ಆ ಜಾಗವನ್ನು ಉಜ್ಜಿ ಉಜ್ಜಿ ನಯ ಮಾಡುತ್ತಿದ್ದರು. ಅಲ್ಲೊಂದು ಗೆರೆ ಇತ್ತೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಪ್ರಾರ್ಥನೆ ಹೊರಗೆ ಕೇಳಿಸಬಾರದ ದೇಶ ಅದು, ನಮ್ಮ ಮನೆಯಲ್ಲಿ ದೇವರು ಬಟ್ಟೆಯ ಕಪಾಟಿನೊಳಗಿದ್ದ. ಸಂಜೆ ರೇಡಿಯೊ ಜೋರು ಮಾಡಿ, ಕಿಟಕಿಯ ಪರದೆ ಎಳೆದು, ಕಪಾಟಿನ ಬಾಗಿಲು ತೆರೆದರೆ ಪಪ್ಪನ ಶರ್ಟುಗಳ ನಡುವೆ ಮಾತೆಯ ಪ್ರತಿಮೆ. ಜಪಮಾಲೆ ಹಿಡಿದು ಹೇಳುವ ತೇರ್ಸ ಮುಗಿದ ಕೂಡಲೇ ಬಾಗಿಲು ಮುಚ್ಚಿ ರೇಡಿಯೊ ಸಣ್ಣ ಮಾಡುತ್ತಿದ್ದೆವು. ಮುಚ್ಚಿಡುವುದು ಹೇಗೆಂದು ನಾನು ಪ್ರಾರ್ಥನೆಯ ಜೊತೆಗೇ ಕಲಿತೆ.

ಊಟಕ್ಕೆ ಹಳೆಯ ಪೇಪರ್ ಹಾಸಿ ಕೂತಾಗ ಪಪ್ಪ ಆ ಬಂಗಲೆಯ ಕತೆ ಹೇಳುತ್ತಿದ್ದರು. ಪುಸ್ತಕದ ಇಂಗ್ಲಿಷನ್ನು ಡಿಕ್ಷನರಿ ಇಟ್ಟುಕೊಂಡು ಓದಿ ತಿಳಿದುಕೊಂಡಿದ್ದರು. ಅದನ್ನು ಕಟ್ಟಿಸಿದವರು ರಾಜರಲ್ಲ, ವ್ಯಾಪಾರಿಗಳು. ಉಪ್ಪು ಮತ್ತು ಬಟ್ಟೆ ಮಾರಿ ದೊಡ್ಡವರಾದವರು. ಹಡಗಿನ ವ್ಯಾಪಾರ ಸಾಕಾಗಿ ಹಳ್ಳಿಯಲ್ಲಿ ಗೋಧಿ ಬೆಳೆಯಲು ಹೊರಟರು. ಹೊಲದ ನಡುವೆ ಮನೆ ಬೇಕು, ಆದರೆ ಅದು ರೈತನ ಮನೆಯ ಹಾಗಿರಬಾರದು. ಅದಕ್ಕೆ ಹಳೆಯ ರೋಮಿನ ದೇವಸ್ಥಾನದ ಕಂಬಗಳನ್ನು ತಂದು ಮನೆಯ ಮುಖಕ್ಕೆ ನಿಲ್ಲಿಸಿದರು. ನಡುವೆ ಯಜಮಾನರ ಎತ್ತರದ ಮನೆ. ಅದರ ಎರಡೂ ಪಕ್ಕಕ್ಕೆ ಚಾಚಿದ ತಗ್ಗಿನ ಸಾಲುಮನೆಗಳು. ಅವುಗಳಲ್ಲಿ ಕುದುರೆ, ನೇಗಿಲು, ಕಾಳು. ಒಂದು ಸಾಲಿನ ತುದಿಯಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ಪಾರುಪತ್ಯಗಾರನ ಸಂಸಾರ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೆ. ನಮ್ಮ ಮೈಗೆ ಎರಡು ಕೈ ಇದ್ದ ಹಾಗೆ, ಎಂದು ಪಪ್ಪ ಅನ್ನ ಮೆತ್ತಿದ ಕೈ ಒಂದನ್ನೂ ಒಣ ಕೈ ಒಂದನ್ನೂ ಚಾಚಿ ತೋರಿಸುತ್ತಿದ್ದರು. ಕಿಟಕಿ ಇಡಲಾಗದ ಕಡೆ ಆ ಜನ ಎಡಬಲ ಸಮ ಮಾಡಲಿಕ್ಕಾಗಿ ಗೋಡೆಯ ಮೇಲೆ ಸುಳ್ಳು ಕಿಟಕಿ ಬರೆಸುತ್ತಿದ್ದರಂತೆ.

ದಮ್ಮಾಮಿನಲ್ಲಿ ಇದನ್ನು ಕಟ್ಟುವುದು ಸುಲಭವಿರಲಿಲ್ಲ. ಇಟಲಿಯ ಮನೆಗೆ ನಡುವೆ ಒಂದೇ ದೊಡ್ಡ ಬಾಗಿಲು. ಇಲ್ಲಿ ಅತಿಥಿಗಳಾಗಿ ಬರುವ ಗಂಡಸರಿಗೆ ಒಂದು ಬಾಗಿಲು, ಮನೆಯ ಹೆಂಗಸರಿಗೆ ಇನ್ನೊಂದು ಬೇಕೇ ಬೇಕು. ಪಪ್ಪ ವಾರಗಟ್ಟಲೆ ತಲೆ ಕೆರೆದುಕೊಂಡರು. ಒಂದು ಶುಕ್ರವಾರ ಮಧ್ಯಾಹ್ನ ಊಟದ ಮಧ್ಯೆ ಎದ್ದು ಹೋಗಿ ಗೆರೆ ಎಳೆದರು. ನಡುವೆ ಮೆಟ್ಟಿಲು, ಮೆಟ್ಟಿಲ ಎರಡೂ ಬದಿಗೆ ಒಂದೇ ಅಳತೆಯ ಎರಡು ಬಾಗಿಲು. ಹಿತ್ತಲ ಕಡೆಯಿಂದ ನೋಡಿದರೆ ಎಡದ ಅರ್ಧ ಹೆಂಗಸರದು, ಬಲದ ಅರ್ಧ ಗಂಡಸರದು. ಹಿತ್ತಲ ತೋಟವನ್ನೂ ಅದೇ ನಡುಗೆರೆಯ ಮೇಲೆ ಗೋಡೆ ಎಬ್ಬಿಸಿ ಎರಡು ಮಾಡಿದರು. ಅಂದು ಮನೆಗೆ ಬಂದಿದ್ದ ಭಟ್ಕಳದ ಇಸ್ಮಾಯಿಲ್ ಸಾಹೇಬರು ನಕ್ಷೆ ನೋಡಿ ತೊಡೆ ತಟ್ಟಿದರು. ಅವರು ದಮ್ಮಾಮಿನ ಹಳೆಯ ವ್ಯಾಪಾರಿ. ಆ ಮನೆಗೆ ಕಲ್ಲು, ಟೈಲ್ಸ್ ಒದಗಿಸುತ್ತಿದ್ದವರು ಅವರೇ. ಶುಕ್ರವಾರ ನಮಾಜು ಮುಗಿಸಿ ನಮ್ಮಲ್ಲಿಗೆ ಬಂದರೆ ಪಪ್ಪನನ್ನು ರೇಗಿಸದೆ ಹೋಗುತ್ತಿರಲಿಲ್ಲ.

“ಪಿಂಟೋರೇ, ನೀವು ಅರ್ಧ ಮನೆಯೇ ಬರೆದದ್ದಲ್ವಾ? ಉಳಿದರ್ಧ ಎಂತ, ಇಟಲಿಯವರು ಬಂದು ಬರೀತಾರಾ?”

“ಉಳಿದರ್ಧ ಇದರಲ್ಲೇ ಉಂಟು ಮಾರಾಯ್ರೆ. ಹೀಗೆ ಮಗುಚಿ ಕೆಳಗಿಟ್ಟು, ಮೇಲೆ ದೊಡ್ಡ ಹಾಳೆ ಇಟ್ಟು ತೀಡಿದ್ರೆ ಆಯ್ತು. ಎಡದ್ದೇ ಬಲದ್ದು.”

“ಇದರಲ್ಲಿ ಎಂತಾದ್ರೂ ತಪ್ಪಿದ್ರೆ?”

“ಒಂದು ಕಡೆ ತಪ್ಪಿದ್ರೆ ಕಣ್ಣಿಗೆ ಹೊಡೀತದೆ. ಎರಡೂ ಕಡೆ ತಪ್ಪಿದ್ರೆ ಅದೇ ಡಿಸೈನ್!”

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಮೂಲೆಯಲ್ಲಿ ಕೂತು ಆ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡೆ.

ಆಗ ನನಗೆ ಬೇಕಾಗಿದ್ದದ್ದು ಒಂದೇ. ಪಪ್ಪ ನನಗೋಸ್ಕರ ಏನಾದರೂ ಬರೆಯಬೇಕು. ದೊಡ್ಡದೇನಲ್ಲ. ಶಾಲೆಯ ಪುಸ್ತಕದ ಮೇಲೆ ಒಂದು ಹೂವಾದರೂ ಸಾಕಿತ್ತು. ಕೇಳಿದಾಗಲೆಲ್ಲ ‘ನಾಳೆ ಲೀನಾ’ ಎನ್ನುತ್ತಿದ್ದರು. ಆ ಕೈ ಕಂಬದ ತಲೆಯ ಮೇಲಿನ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಿತ್ತು. ನನ್ನ ಹೂವು ಮಾತ್ರ ನಾಳೆಗೆ ಬೀಳುತ್ತಿತ್ತು. ನಾನು ಆ ಮನೆಯ ಮೇಲೆ ಹಲ್ಲು ಕಡಿಯತೊಡಗಿದೆ. ಒಂದು ಮನೆಯ ಮೇಲೆ, ಅದೂ ಇನ್ನೂ ಕಟ್ಟದ ಮನೆಯ ಮೇಲೆ ಹೊಟ್ಟೆಕಿಚ್ಚುಪಡುವ ಹುಡುಗಿಯನ್ನು ಯಾರಾದರೂ ನೋಡಿದ್ದರೆ ನನಗೆ ತಿಳಿಸಿ, ಪರಿಚಯ ಮಾಡಿಕೊಳ್ಳುತ್ತೇನೆ. ಆದರೆ ಮನೆಗೆ ಮುಖವಿರಲಿಲ್ಲ, ಎಷ್ಟು ದಿನ ಅದರ ಮೇಲೆ ಕೋಪಿಸಿಕೊಳ್ಳಲಿ? ಮುಖ ಸಿಕ್ಕಿದ್ದು ಹೆಸ್ಸಾ ಬಂದ ದಿನ.

ಹೆಸ್ಸಾ ಕಫೀಲನ ಮಗಳು, ನನ್ನದೇ ಪ್ರಾಯ. ಅವನು ನಕ್ಷೆ ನೋಡಲು ಬಂದಾಗ ಅವಳನ್ನೂ ಕರೆತಂದಿದ್ದ. ಬಿಳಿ ಶೂಸು, ಕಿವಿಯಲ್ಲಿ ಚಿನ್ನ, ಕೈಯಲ್ಲಿ ಅರ್ಧ ತಿಂದ ಚಾಕಲೇಟು. ಅವಳು ಸುಮ್ಮನೆ ನಿಂತಿದ್ದಳು ಎನ್ನುವುದನ್ನು ಈಗ ನ್ಯಾಯವಾಗಿ ಹೇಳಬೇಕು. ಅವಳಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಪಪ್ಪನೇ ನನ್ನ ಕುರ್ಚಿಯನ್ನು ಎಳೆದು ಅವಳನ್ನು ಕೂರಿಸಿದರು. ತಮ್ಮ ಹರಕುಮುರುಕು ಅರಬ್ಬಿಯಲ್ಲಿ, ನಿನ್ನ ಕೋಣೆಯಲ್ಲಿ ಏನಿರಬೇಕು ಎಂದು ಕೇಳಿದರು. ಅವಳು ಅಪ್ಪನ ಮುಖ ನೋಡಿ, ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಪಪ್ಪ ಒಂದು ಚೂರು ಕಾಗದ ತೆಗೆದು ಅಲ್ಲೇ, ಅವಳ ಕಣ್ಣೆದುರೇ, ಒಂದು ಕಿಟಕಿ ಬರೆದರು. ಮೇಲೆ ಕಮಾನು, ಕೆಳಗೆ ಕೂತು ಓದಲು ಕಲ್ಲಿನ ಬೆಂಚು, ಬೆಂಚಿನ ಮೇಲೆ ಕಾಲು ಮಡಚಿ ಕೂತ ಒಬ್ಬ ಹುಡುಗಿ. ಹೆಸ್ಸಾ ಜೋರಾಗಿ ನಕ್ಕಳು. ಪಪ್ಪ ಕಾಗದವನ್ನು ಅವಳಿಗೇ ಕೊಟ್ಟುಬಿಟ್ಟರು.

ನನ್ನ ಹೊಟ್ಟೆಯೊಳಗೆ ಒಲೆ ಹತ್ತಿತು. ಅಂದು ಮಮ್ಮಿ ಮಾಡಿದ್ದ ಇಡ್ಲಿಯಂಥ ಸಾನ್ನಾಂ ನಾನು ತಟ್ಟೆಯಲ್ಲೇ ಬಿಟ್ಟೆ. ಕಳ್ಳಿನ ಬದಲು ಯೀಸ್ಟ್ ಹಾಕಿದ್ದಕ್ಕೆ ರುಚಿ ಕೆಟ್ಟಿತೆಂದು ಅವಳೇ ನೊಂದುಕೊಂಡಳು. ನೆಲದ ಮೇಲೆ ಕೂತಿದ್ದ ಪಪ್ಪ ಮಾತ್ರ ಖುಷಿಯಲ್ಲಿದ್ದರು. ಎಡದ ಸಾಲುಮನೆಯ ತುದಿಯಲ್ಲಿ ಆ ಹುಡುಗಿಯ ಓದುವ ಕೋಣೆ, ಹಿತ್ತಲಿಗೆ ಮುಖ ಮಾಡಿದ ಕಿಟಕಿ, ಕಲ್ಲಿನ ಬೆಂಚು ಎಂದು ವರ್ಣಿಸುತ್ತಿದ್ದರು.

“ಬಲಗಡೆ ತುದಿಯಲ್ಲಿ ಎಂತ?” ಎಂದು ಮಮ್ಮಿ ಕೇಳಿದಳು. ಕೇಳುವಾಗ ಅವಳ ತುಟಿಯಲ್ಲಿ ನಗುವಿತ್ತು. ಆಗ ನನಗೆ ಅದು ಅರ್ಥವಾಗಲಿಲ್ಲ.

“ಬಲಗಡೆ ಮನೆ ನೋಡಿಕೊಳ್ಳುವವ ಇರ್ತಾನೆ. ಇಟಲಿಯಲ್ಲಿ ಇದ್ದ ಹಾಗೆ.”

“ಅವನಿಗೂ ಬೆಂಚಾ?”

“ಎಡಬಲ ಸಮ ಅಲ್ವಾ? ಅವನಿಗೂ ಬೆಂಚೇ.”

ಆ ವರ್ಷ ನಮಗೆ ಊರಿಗೆ ಹೋಗುವ ರಜೆ ಇತ್ತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ. ಹೋಗುವ ಮೊದಲು ಹಿಂಬದಿಯ ಎಲಿವೇಶನ್, ಅಂದರೆ ಹಿತ್ತಲ ಕಡೆಯಿಂದ ನಿಂತು ನೋಡಿದರೆ ಮನೆ ಹೇಗೆ ಕಾಣುತ್ತದೆಂಬ ನಕ್ಷೆ, ಮುಗಿಯಬೇಕಿತ್ತು. ಪಪ್ಪ ಎಡದ ಅರ್ಧವನ್ನು ಶಾಯಿಯಲ್ಲಿ ಮುಗಿಸಿದ್ದರು. ಮಗುಚಿ ತೀಡುವುದಷ್ಟೇ ಬಾಕಿ. ಶುಕ್ರವಾರ ಮಧ್ಯಾಹ್ನ ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಒಳಕೋಣೆಯಲ್ಲಿ ಪಪ್ಪ ಮಮ್ಮಿ ಸೂಟ್‌ಕೇಸುಗಳ ಜೊತೆ ಯುದ್ಧಕ್ಕಿಳಿದಿದ್ದರು. ಸೋಪು, ಸೆಂಟು, ಹಾಲಿನಪುಡಿ ಎಲ್ಲ ತುಂಬಿಸಿ ಪಪ್ಪ ಸೂಟ್‌ಕೇಸು ಹೊತ್ತು ತೂಕದ ಯಂತ್ರದ ಮೇಲೆ ನಿಲ್ಲುವುದು, ಕೆಳಗೆ ನೋಡಲಾಗದೆ ಎಷ್ಟೆಂದು ಕೂಗುವುದು.

“ನಿಮ್ಮ ಅಕ್ಕನಿಗೆ ಎರಡು ಕಂಬಳಿ ಎಂತಕ್ಕೆ? ಮಂಗಳೂರಿನಲ್ಲಿ ಕಂಬಳಿ ಹೊದೆಯುವವರು ಯಾರು?”

“ಕೇಳಿದ್ದಾಳೆ ಮಾರಾಯ್ತಿ, ನಾನು ಎಂತ ಮಾಡ್ಲಿ?”

“ಹಾಗಾದ್ರೆ ನನ್ನ ಅಮ್ಮನ ಮಿಕ್ಸಿ ನಿಮ್ಮ ತಲೆಯ ಮೇಲೆ ಇಟ್ಟುಕೊಂಡು ಬನ್ನಿ!”

ನಾನು ಮೇಜಿನ ಮುಂದೆ ಒಬ್ಬಳೇ ಇದ್ದೆ. ಅರ್ಧ ಹಾಳೆಯ ಎಡ ತುದಿಯಲ್ಲಿ ಆ ಕಿಟಕಿ ನನ್ನ ಹೆಬ್ಬೆರಳಿನಷ್ಟಿತ್ತು. ಬ್ಲೇಡು ಎತ್ತಿಕೊಂಡೆ. ಪಪ್ಪ ಮಾಡುವಂತೆಯೇ ಮಲಗಿಸಿ ಹಿಡಿದು ಕೆರೆದೆ. ಮೊದಲು ಕಮಾನು ಹೋಯಿತು, ಆಮೇಲೆ ಚೌಕಟ್ಟು, ಕೆಳಪಟ್ಟಿ. ಕಪ್ಪು ಪುಡಿಯನ್ನು ಊದಿದೆ. ಉಗುರಿನಿಂದ ಉಜ್ಜಿದೆ. ಅವಸರ ಮಾಡಲಿಲ್ಲ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹಾಳೆ ಮಗುಚಿದಾಗ ಬಲಗಡೆಯದ್ದೂ ಹೋಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಹೋಗಲಿ ಎಂದೇ ಲೆಕ್ಕ ಹಾಕಿದ್ದೆ. ಎರಡೂ ಕಡೆ ತಪ್ಪಿದರೆ ಅದೇ ಡಿಸೈನ್ ತಾನೆ? ಬಲಗಡೆ ಯಾವನೋ ಕಾವಲಿನವನು ಇರುತ್ತಾನೆ, ಅವನಿಗೆ ಕಿಟಕಿ ಇದ್ದರೇನು, ಬಿಟ್ಟರೇನು ಎಂದುಕೊಂಡೆ. ಮಿಕ್ಸಿಯ ಜಗಳ ಮುಗಿಸಿ ಪಪ್ಪ ಬೆವರೊರೆಸುತ್ತ ಬಂದರು. ಅವಸರದಲ್ಲಿ ಹಾಳೆಯನ್ನು ಒಮ್ಮೆ ಹಾಗೇ, ಒಮ್ಮೆ ಮಗುಚಿ ಇಟ್ಟು, ಮೇಲೆ ದೊಡ್ಡ ಹಾಳೆ ಹಾಕಿ ತೀಡಿದರು. ಮಾರನೆಯ ದಿನ ಅದಕ್ಕೆ ಕಫೀಲನ ಸಹಿ ಬಿತ್ತು. ನಾವು ಪಕ್ಕದೂರು ಧಹ್ರಾನಿನಿಂದ ವಿಮಾನ ಹತ್ತಿದೆವು.

ಊರಿನಲ್ಲಿ ಎರಡು ತಿಂಗಳು. ಮದುವೆ, ಮಳೆ, ನೆಂಟರ ಮನೆ. ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ, ಒಂದನ್ನು ಬಿಟ್ಟು. ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಮಮ್ಮಿ ಹಸಿರು ಪರದೆ ಬಟ್ಟೆಯನ್ನು ತುಂಬಾ ಹೊತ್ತು ಆರಿಸಿದಳು. ಚೀಟಿಯಲ್ಲಿ ಅಳತೆ ಬರೆದುಕೊಂಡು ಬಂದಿದ್ದಳು. ಯಾರಿಗೆ ಎಂದು ಕೇಳಿದೆ. ‘ಇರಲಿ, ನಿನಗೆಂತಕ್ಕೆ?’ ಎಂದು ಮತ್ತೆ ಆ ನಗು ನಕ್ಕಳು. ಅಳತೆಯ ಚೀಟಿಯನ್ನು ಕದ್ದು ನೋಡಿದೆ. ಪಪ್ಪನ ಅಕ್ಷರ. ಅಗಲ, ಎತ್ತರ ಎರಡೂ ಹೆಸ್ಸಾಳ ಕಿಟಕಿಯದೇ. ಪಪ್ಪ ಆಯಿತು, ಈಗ ಇವಳೂ ಅವಳಿಗೆ ಪರದೆ ಹೊಲಿಸಿಕೊಡುತ್ತಾಳೆ ಎಂದು ನನಗೆ ಮೈಯೆಲ್ಲ ಉರಿಯಿತು. ಕೆರೆದುಹಾಕಿದ್ದು ಸರಿಯೇ ಆಯಿತು ಎಂದು ಸಮಾಧಾನವೂ ಆಯಿತು. ಕಿಟಕಿಯಿಲ್ಲದ ಗೋಡೆಗೆ ಪರದೆ ತೂಗಿಸಲಿ ನೋಡೋಣ ಎಂದು ಮನಸ್ಸಿನಲ್ಲೇ ನಕ್ಕೆ.

ವಾಪಸು ಬಂದಾಗ ವಿಮಾನ ನಿಲ್ದಾಣಕ್ಕೆ ಇಸ್ಮಾಯಿಲ್ ಸಾಹೇಬರೇ ಗಾಡಿ ತಂದಿದ್ದರು. ನಾವಿಲ್ಲದ ಎರಡು ತಿಂಗಳಲ್ಲಿ ಗೋಡೆಗಳು ಎದ್ದಿದ್ದವು. ಹಿಂಬದಿಗೆ ಇಟಲಿಯ ಕಲ್ಲನ್ನೂ ಅಂಟಿಸಿಯಾಗಿತ್ತು. ಪಪ್ಪ ಮನೆಗೂ ಹೋಗದೆ, ಮೊದಲು ಅದನ್ನೇ ನೋಡಿಕೊಂಡು ಹೋಗುವ ಎಂದರು. ದಾರಿಯಲ್ಲಿ ಸಾಹೇಬರು ಕೇಳಿದರು.

“ಪಿಂಟೋರೇ, ಒಂದು ಕೇಳ್ಲಾ? ಎರಡು ತುದಿಯ ಕೋಣೆಗೆ ಬೆಂಚಿನ ಕಲ್ಲು ನಾನೇ ಕಳಿಸಿದ್ದು. ಬೆಂಚು ಉಂಟು, ಕಿಟಕಿ ಇಲ್ಲ. ಇದೆಂತ ಇಟಲಿಯ ಫ್ಯಾಶನ್ನಾ?”

“ಕಿಟಕಿ ಉಂಟಲ್ಲ ಮಾರಾಯ್ರೆ.”

“ಇಲ್ಲ. ಎಲಿವೇಶನ್ನಲ್ಲಿ ಇಲ್ಲ, ಗೋಡೆಯಲ್ಲೂ ಇಲ್ಲ. ನೆಲದ ಪ್ಲಾನಲ್ಲಿ ಉಂಟು ಹೇಳಿ ಮೇಸ್ತ್ರಿಗೆ ಗೊತ್ತಿತ್ತಂತೆ. ಆದ್ರೆ ನಿಮ್ಮ ಕಫೀಲರ ಸಹಿ ಇದ್ದದ್ದು ಎಲಿವೇಶನ್ನಿಗೆ. ಆಚೆ ಬದಿಯವರ ಅಂಗಳ ಕಾಣ್ತದೆ ಅಂತ ತೆಗೆಸಿದ್ದಾರೆ ಅಂದ್ಕೊಂಡ. ಯಾರನ್ನೂ ಕೇಳ್ಲಿಲ್ಲ.”

ಕೇಳುವುದಾದರೂ ಯಾಕೆ? ಆ ಊರಿನಲ್ಲಿ ಕಿಟಕಿ ಹೊಸದಾಗಿ ಬಂದರೆ ಕಾರಣ ಕೇಳುತ್ತಿದ್ದರು. ಇದ್ದ ಕಿಟಕಿ ಹೋದರೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಪಪ್ಪ ಗಾಡಿ ನಿಂತ ಕೂಡಲೇ ಇಳಿದು ಹಿತ್ತಲಿಗೆ ಓಡಿದರು. ನಾನು ಹಿಂದೆ ಹೋದೆ. ಎಡದ ತುದಿ ಬೋಳು, ಬಲದ ತುದಿಯೂ ಬೋಳು. ಪಪ್ಪ ತೋಟದ ಗೋಡೆ ಇನ್ನೂ ಏಳದ ನಡುಗೆರೆಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದರು. ಅಷ್ಟರಲ್ಲಿ ಕಫೀಲನೂ ಬಂದ. ಪಪ್ಪ ತಲೆ ತಗ್ಗಿಸಿ, ತಪ್ಪಾಗಿದೆ, ನನ್ನ ಕೈತಪ್ಪು ಎಂದರು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಪಪ್ಪನ ಹೆಗಲ ಮೇಲೆ ಕೈಯಿಟ್ಟು, ‘ಝೈನ್ ಪಿಂಟೊ, ವಲ್ಲಾ ಝೈನ್’ ಎಂದು ಹೊಗಳಿದ. ನೆರೆಯವರ ಕಣ್ಣು ನನ್ನ ಮಗಳ ಮೇಲೆ ಬೀಳದ ಹಾಗೆ ಮಾಡಿದೆ, ನನಗೇ ಹೊಳೆದಿರಲಿಲ್ಲ, ಕಲ್ಲು ಒಡೆಯುವುದು ಬೇಡ, ಹೀಗೇ ಇರಲಿ ಎಂದ. ಮಾಡದ ಒಳ್ಳೆಯತನಕ್ಕೆ ಹೊಗಳಿಸಿಕೊಂಡ ಪಪ್ಪನ ಮುಖ ಸುಣ್ಣದಂತಾಯಿತು. ಹದಿನೈದು ವರ್ಷದ ಕೆಲಸದಲ್ಲಿ ಅವರ ನಕ್ಷೆ ಒಮ್ಮೆಯೂ ತಪ್ಪಿರಲಿಲ್ಲ. ಅದೊಂದೇ ಅವರ ಹೆಮ್ಮೆಯಾಗಿತ್ತು.

ಮನೆಗೆ ಬಂದವರೇ ಕೈಕಾಲು ಕೂಡ ತೊಳೆಯದೆ ಅರ್ಧ ಹಾಳೆಯ ಸುರುಳಿ ಬಿಚ್ಚಿದರು. ಕಿಟಕಿಯ ಬೆಳಕಿಗೆ ಹಿಡಿದರು. ತಮ್ಮ ಉಗುರಿನ ಬೆನ್ನು ಉಜ್ಜಿದ ಜಾಗ ಯಾವುದು, ಅಲ್ಲದ್ದು ಯಾವುದು ಎಂದು ಅವರಿಗೆ ತಿಳಿಯದೆ ಇರುತ್ತದೆಯೇ? ನಾನು ಕೆರೆದ ಕಡೆ ಕಾಗದಕ್ಕೆ ಜುಂಗು ಎದ್ದಿತ್ತು. ಕಮಾನಿನ ಮಸುಕು ಗೆರೆ ಇನ್ನೂ ಕಾಣುತ್ತಿತ್ತು. ಮಮ್ಮಿ ಸೂಟ್‌ಕೇಸಿನಿಂದ ಹಸಿರು ಬಟ್ಟೆ ತೆಗೆಯುತ್ತಿದ್ದವಳು ಹಾಗೇ ನಿಂತಳು.

“ಲೀನಾ, ಇಲ್ಲಿ ಬಾ. ಇದನ್ನು ಹಿಡಿ.”

ಹಿಡಿದೆ.

“ಇದು ಎಡಗಡೆ. ಇಲ್ಲಿ ಆ ಹುಡುಗಿಯ ಕಿಟಕಿ ಇತ್ತು. ಹೌದಲ್ವಾ?”

ಪಪ್ಪ ನನ್ನ ಕೈಯಲ್ಲಿದ್ದ ಹಾಗೆಯೇ ಹಾಳೆಯನ್ನು ಮೆಲ್ಲಗೆ ಮಗುಚಿದರು. ಕೆರೆದ ಜಾಗ ಈಗ ಬಲಕ್ಕೆ ಬಂತು. ಅದರ ಮೇಲೆ ಬೆರಳಿಟ್ಟರು.

“ಇದು ನಿನ್ನದು. ಎರಡೂ ಒಂದೇ ಅಳತೆ.”

ಅಷ್ಟೇ ಹೇಳಿ ಸ್ನಾನಕ್ಕೆ ಹೋದರು. ಉಳಿದದ್ದನ್ನು ಮಮ್ಮಿ ಅಳುತ್ತ ಹೇಳಿದಳು. ಮನೆ ಮುಗಿದ ಮೇಲೆ ಅದರ ನೀರು, ಕರೆಂಟು, ರಿಪೇರಿ ಎಲ್ಲ ನೋಡಿಕೊಂಡು ಅಲ್ಲೇ ಇರು ಎಂದು ಕಫೀಲ್ ಪಪ್ಪನಿಗೆ ಮೊದಲೇ ಹೇಳಿದ್ದನಂತೆ. ಬಲದ ತುದಿಯ ಕೋಣೆ ನನಗೆಂದೇ ಪಪ್ಪ ಅಂದುಕೊಂಡಿದ್ದರಂತೆ. ಅವನ ಮಾತು ನಡುವೆ ಬದಲಾದರೆ ಮಗುವಿಗೆ ಬೇಜಾರಾಗುತ್ತದೆ, ಒಳಗೆ ಕಾಲಿಡುವ ದಿನ ಹೇಳುವ ಎಂದು ಇಬ್ಬರೂ ಬಾಯಿ ಹೊಲಿದುಕೊಂಡಿದ್ದರು. ಹಸಿರು ಬಟ್ಟೆ ನನ್ನ ಕಿಟಕಿಗೆ. ಯಜಮಾನನ ಮಗಳಿಗೂ ಕೆಲಸದವನ ಮಗಳಿಗೂ ಒಂದೇ ಕಿಟಕಿ ಸಿಗುವ ಮನೆಯನ್ನು ಪಪ್ಪ ಇಡೀ ಸೌದಿಯಲ್ಲಿ ಹುಡುಕಿದರೂ ಕಾಣುತ್ತಿರಲಿಲ್ಲ. ನಾನೂರು ವರ್ಷದ ಹಿಂದಿನ ಇಟಲಿಯವರ ಎಡಬಲದ ಹುಚ್ಚನ್ನು ಹಿಡಿದುಕೊಂಡು ಅದನ್ನು ಸದ್ದಿಲ್ಲದೆ ಸಾಧಿಸಿದ್ದರು. ಮಮ್ಮಿ ನನ್ನ ಬೆನ್ನಿಗೆ ಎರಡು ಹಾಕಿದಳು. ಅದು ನೋಯಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ತುಂಬಾ ಹೊತ್ತು ನಿಲ್ಲದೆ ಇದ್ದದ್ದು ನೋಯಿತು.

ನಾಲ್ಕು ತಿಂಗಳ ಮೇಲೆ ಆ ಮನೆಗೆ ಹೋದೆವು. ಮುಂದೆ ಮೂರು ವರ್ಷ ಅದೇ ನನ್ನ ಮನೆ. ಕೊನೆಗೂ ನಮ್ಮ ಮೇಜು ಊಟಕ್ಕೆ ಸಿಕ್ಕಿತು. ನಡುವಿನ ಎತ್ತರದ ಮನೆಯಲ್ಲಿ ಕಫೀಲನ ಅತಿಥಿಗಳ ಗದ್ದಲ, ಏಲಕ್ಕಿ ಹಾಕಿದ ಕಾಫಿಯ ವಾಸನೆ. ನಮ್ಮ ಸಾಲುಮನೆಯಲ್ಲಿ ಮಮ್ಮಿಯ ಮೀನು ಸಾರು. ಕೋಣೆಯಲ್ಲಿ ಹಗಲೂ ಟ್ಯೂಬ್‌ಲೈಟು. ನುಣ್ಣಗಿನ ಬಿಳಿ ಕಲ್ಲಿನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು ನಾನು ಮಗ್ಗಿ ಕಲಿತೆ. ಮಮ್ಮಿ ಹಟದವಳು, ತಂದ ಬಟ್ಟೆ ಹಾಳಾಗಬಾರದೆಂದು ಬೋಳು ಗೋಡೆಗೇ ಪರದೆ ತೂಗಿಸಿದಳು. ಪಪ್ಪ ನನ್ನ ಜೊತೆ ಮಾತಾಡುತ್ತಿದ್ದರು, ಆದರೆ ಎಣಿಸಿ ಇಟ್ಟ ಹಾಗೆ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಪರದೆ ಸರಿದಿತ್ತು. ಪಪ್ಪ ಬೆಂಚಿನ ಮೇಲೆ ಮೊಣಕಾಲೂರಿ, ಸ್ಕೇಲು ಪೆನ್ಸಿಲು ಹಿಡಿದು, ಗೋಡೆಯ ಮೇಲೆ ಕಿಟಕಿ ಬರೆಯುತ್ತಿದ್ದರು. ಕಮಾನು, ಚೌಕಟ್ಟು, ತೆರೆದ ಎರಡು ಬಾಗಿಲು, ಕೆಳಪಟ್ಟಿ. ನನ್ನ ಹೆಬ್ಬೆರಳಿನಷ್ಟಿದ್ದದ್ದು ಈಗ ನನಗಿಂತ ಎತ್ತರವಿತ್ತು.

“ಇದು ಫುಲ್ ಸೈಜ್,” ಎಂದರು ತಿರುಗಿ ನೋಡದೆ. “ನಾನು ಯಾರಿಗೂ ಫುಲ್ ಸೈಜ್ ಬರೆದದ್ದಿಲ್ಲ. ಹೊರಗೆ ಎಂತ ಕಾಣ್ಬೇಕು, ನೀನೇ ಬರಿ.”

ನಾನು ಏನೂ ಬರೆಯಲಿಲ್ಲ. ಅವರ ಗೆರೆಯ ಪಕ್ಕ ನನ್ನ ಗೆರೆ ಬೇಡವೆನಿಸಿತು. ದಿನಕ್ಕೆ ಹತ್ತು ಸಲ ಪರದೆ ಸರಿಸಿ ನೋಡುತ್ತಿದ್ದೆ, ಮತ್ತೆ ಮುಚ್ಚುತ್ತಿದ್ದೆ. ಅದಕ್ಕಿಂತ ದೊಡ್ಡ ಸಂತೋಷ ನನಗೆ ಆ ಪ್ರಾಯದಲ್ಲಿ ಬೇರೆ ಆಗಿಲ್ಲ.

ಈಗ ಹೇಳಬೇಕಾದದ್ದು ಒಂದೇ ಉಳಿದಿದೆ. ಇದನ್ನು ಪಪ್ಪನಿಗೂ ಹೇಳಿಲ್ಲ. ಈದ್ ದಿನ ಹೆಸ್ಸಾಳ ತಾಯಿ ನಮಗೆ ಖರ್ಜೂರದ ತಟ್ಟೆ ಕಳಿಸಿದ್ದಳು. ಅಡುಗೆಮನೆಯ ಹಿಂದಿನ ಓಣಿಯಿಂದ ಹೆಸ್ಸಾಳೇ ತಂದಳು. ಮಮ್ಮಿ ತಟ್ಟೆ ತೊಳೆಯಲು ಹೋದಾಗ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಅದೇ ಕೋಣೆ, ಅದೇ ಬೆಂಚು, ಅವಳದಕ್ಕೂ ನನ್ನದಕ್ಕೂ ಒಂದು ಅಂಗುಲ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ಬೆಂಚಿನ ಮೇಲೆ ಹಸಿರು ಪರದೆ ಇತ್ತು. ನಮ್ಮ ಕಡೆಯ ಹಿತ್ತಲು ಗಂಡಸರದು, ಅವಳು ಅಲ್ಲಿಗೆ ಎಂದೂ ಬಂದವಳಲ್ಲ. ಈ ಗೋಡೆ ಹೊರಗಿನಿಂದ ಹೇಗಿದೆಯೆಂದು ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

“ದರೀಶಾ?” ಎಂದು ಪರದೆಯ ಕಡೆ ಕೈ ತೋರಿಸಿದಳು.

ದರೀಶಾ ಎಂದರೆ ಕಿಟಕಿ. ಅಷ್ಟು ಅರಬ್ಬಿ ನನಗೆ ಬರುತ್ತಿತ್ತು. ಪಪ್ಪನನ್ನು ಕರೆದು, ಇವಳ ಗೋಡೆಗೂ ಒಂದು ಬರೆದುಕೊಡಿ ಎನ್ನಬಹುದಿತ್ತು. ಅವರು ಆ ಕ್ಷಣವೇ ಅವಳ ತಂದೆಯನ್ನು ಕೇಳಿಕೊಂಡು ಪೆನ್ಸಿಲು ಹಿಡಿದು ಹೋಗುತ್ತಿದ್ದರು. ಎಡಬಲ ಮತ್ತೆ ಸಮವಾಗುತ್ತಿತ್ತು. ಅವಳ ಕಿಟಕಿಯನ್ನು ಕೆರೆದವಳು ನಾನೇ ಎನ್ನುವುದೂ ನೆನಪಿತ್ತು.

“ಹೌದು, ದರೀಶಾ,” ಎಂದೆ.

ಅಲ್ಲಿಂದ ಸಮುದ್ರ ಕಾಣುತ್ತದೆಯೇ ಎಂದು ಶಾಲೆಯ ಇಂಗ್ಲಿಷಿನಲ್ಲಿ ಕೇಳಿದಳು. ಕಾಣುತ್ತದೆ ಎಂದೆ. ಹೆಸ್ಸಾ ಪರದೆಯನ್ನೇ ನೋಡುತ್ತ ನಿಂತಳು. ತುಟಿ ಬಿಗಿದಿತ್ತು, ಕಣ್ಣು ಮಿಟುಕಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಪರದೆ ಸರಿಸಲಿಲ್ಲ.